ಯುಗಾದಿಗೆ ರೇಷ್ಮೆ ಉಡುವವರು ಇದನ್ನು ಗಮನಿಸಿ

ಯುಗಾದಿ ಬರುವುದೇ ಮಾರ್ಚ್–ಏಪ್ರಿಲ್‌ನ ಬಿಸಿಲಿನಲ್ಲಿ. ಬೆಳಿಗ್ಗೆ ಪೂಜೆ, ಆಮೇಲೆ ಒಲೆಯ ಮುಂದೆ ನಿಂತು ಹೋಳಿಗೆ ಬೇಯಿಸುವ ಕೆಲಸ. ಭಾರದ ಜರಿ ಸೀರೆ ಉಟ್ಟರೆ ಅರ್ಧ ದಿನದಲ್ಲೇ ಸಾಕಾಗುತ್ತದೆ. ಹಗುರವಾದ ಮೈಸೂರು ಕ್ರೇಪ್ ರೇಷ್ಮೆ, ಇಲ್ಲವೇ ಹತ್ತಿಯ ಒಡಲಿಗೆ ರೇಷ್ಮೆ ಸೆರಗಿರುವ ಇಳಕಲ್ ಸೀರೆ ಈ ಹಬ್ಬಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಇಳಕಲ್ ಕೊಳ್ಳುವಾಗ ಒಡಲಿನ ನೂಲು ಯಾವುದೆಂದು ಕೇಳಿಯೇ ಕೊಳ್ಳಿ. ಕೃತಕ ನೂಲಿನದಾದರೆ ಸೆಕೆ ತಡೆಯಲಾಗುವುದಿಲ್ಲ.

ರವಿಕೆಯ ಬಟ್ಟೆಯನ್ನು ಈಗಲೇ ದರ್ಜಿಗೆ ಕೊಟ್ಟುಬಿಡಿ. ಹಬ್ಬದ ವಾರದಲ್ಲಿ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಫಾಲ್ ಹೊಲಿಯುವುದಕ್ಕೂ ಸಮಯ ಬೇಕು.

ಎಣ್ಣೆಸ್ನಾನದ ನಂತರ ತಲೆಗೂದಲು ಪೂರ್ತಿ ಒಣಗುವವರೆಗೆ ಹಳೆಯ ಹತ್ತಿ ಬಟ್ಟೆಯಲ್ಲೇ ಇರಿ. ಎಣ್ಣೆಯ ಪಸೆಯಿರುವ ಕೂದಲು ತಾಗಿದರೆ ರೇಷ್ಮೆಯ ಮೇಲೆ ಕಲೆ ಉಳಿಯುತ್ತದೆ. ಹೊಸ ಸೀರೆಗೆ ಅರಿಶಿನ ಮುಟ್ಟಿಸುವ ಪದ್ಧತಿಯಿದ್ದರೆ ಸೊಂಟಕ್ಕೆ ಸಿಕ್ಕಿಸುವ ಒಳತುದಿಗೆ ಚುಕ್ಕೆಯಷ್ಟೇ ಇಡಿ. ಸುಗಂಧದ್ರವ್ಯವನ್ನು ಮೈಗೆ ಹಾಕಿಕೊಂಡು, ಅದು ಆರಿದ ಮೇಲೆಯೇ ಸೀರೆ ಉಡಿ. ನೇರವಾಗಿ ತಾಗಿದರೆ ಜರಿ ಕಪ್ಪಾಗುತ್ತದೆ.

ಊಟದ ಹೊತ್ತಿಗೆ ಹೋಳಿಗೆಯ ತುಪ್ಪ ಬಿತ್ತೇ? ಗಾಬರಿಯಿಂದ ನೀರು ಹಾಕಿ ಉಜ್ಜಬೇಡಿ. ಒಣ ಬಟ್ಟೆಯಿಂದ ಮೆಲ್ಲಗೆ ಒತ್ತಿ ತುಪ್ಪವನ್ನು ಹೀರಿಸಿ, ಟಾಲ್ಕಂ ಪೌಡರ್ ಉದುರಿಸಿ, ಕೆಲವು ಗಂಟೆ ಬಿಟ್ಟು ಮೃದುವಾದ ಬ್ರಷ್‌ನಿಂದ ಕೊಡವಿ. ಕಲೆ ಉಳಿದರೆ ಡ್ರೈಕ್ಲೀನಿಂಗ್‌ಗೆ ಕೊಡುವಾಗ ಅದು ತುಪ್ಪದ ಕಲೆಯೆಂದು ತಪ್ಪದೆ ಹೇಳಿ. ಸಂಜೆ ಸೀರೆ ಬಿಚ್ಚಿದ ತಕ್ಷಣ ಮಡಿಸಿಡಬೇಡಿ, ನೆರಳಿನಲ್ಲಿ ಹರವಿ ಬೆವರು ಆರಲು ಬಿಡಿ.