ತೂಕ ಇಳಿಸಲು ದಿನಕ್ಕೆ ಎಷ್ಟು ಪ್ರೋಟೀನ್, ಎಷ್ಟು ಕೊಬ್ಬು, ಎಷ್ಟು ಕಾರ್ಬ್? ಲೆಕ್ಕ ಹಾಕುವ ಬಗೆ

"40 ಭಾಗ ಕಾರ್ಬ್ (ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ), 30 ಪ್ರೋಟೀನ್, 30 ಕೊಬ್ಬು" ಎಂಬಂಥ ಸಿದ್ಧ ಸೂತ್ರಗಳನ್ನು ಮೊದಲು ಪಕ್ಕಕ್ಕಿಡಿ. ಶೇಕಡಾ ಲೆಕ್ಕದಲ್ಲಿ ಒಂದು ದೊಡ್ಡ ಎಡವಟ್ಟಿದೆ. ದಿನಕ್ಕೆ 2400 ಕ್ಯಾಲೊರಿ ತಿನ್ನುವವರಿಗೆ ಶೇ 20 ಪ್ರೋಟೀನ್ ಎಂದರೆ 120 ಗ್ರಾಂ (ಪ್ರೋಟೀನಿಗೆ ಗ್ರಾಂಗೆ 4 ಕ್ಯಾಲೊರಿ). ಅವರೇ ತೂಕ ಇಳಿಸಲು 1400 ಕ್ಯಾಲೊರಿಗೆ ಬಂದರೆ ಅದೇ ಶೇ 20 ಬರೀ 70 ಗ್ರಾಂ ಆಗುತ್ತದೆ. ಊಟ ಕಡಿಮೆಯಾದ ದಿನಗಳಲ್ಲೇ ಸ್ನಾಯು ಕರಗದಂತೆ ತಡೆಯಲು ಪ್ರೋಟೀನ್ ಹೆಚ್ಚು ಬೇಕು. ಸೂತ್ರ ನೋಡಿದರೆ ಅದಕ್ಕೇ ಕತ್ತರಿ ಹಾಕಿರುತ್ತದೆ. ಹಾಗಾಗಿ ಗ್ರಾಂ ಲೆಕ್ಕವೇ ಇರಲಿ, ಅದೂ ಈ ಕ್ರಮದಲ್ಲಿ: ಮೊದಲು ಒಟ್ಟು ಕ್ಯಾಲೊರಿ, ಆಮೇಲೆ ಪ್ರೋಟೀನ್, ಅದಾದ ಮೇಲೆ ಕೊಬ್ಬಿನ ಕನಿಷ್ಠ ಮಿತಿ, ಉಳಿದದ್ದೆಲ್ಲ ಕಾರ್ಬ್.

ಶುರು ಮಾಡುವ ಮುನ್ನ ಒಂದು ಎಚ್ಚರಿಕೆ. ಮೂತ್ರಪಿಂಡದ ತೊಂದರೆ ಇರುವವರು, ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ಎದೆಹಾಲು ಉಣಿಸುವವರು, 18 ತುಂಬದವರು, ಹಿಂದೆ ಊಟದ ವಿಚಾರದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಈ ಲೆಕ್ಕವನ್ನು ವೈದ್ಯರ ಜೊತೆ ಕೂತು ಹಾಕಬೇಕು. ಮಾತ್ರೆಯ ಪ್ರಮಾಣ ಬದಲಿಸದೆ ಕಾರ್ಬ್ ಮಾತ್ರ ತಗ್ಗಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಈಗ ತಿನ್ನುತ್ತಿರುವುದು ಎಷ್ಟು?

ಗುರಿ ಹಾಕುವ ಮೊದಲು ನಾಲ್ಕು ದಿನ ಏನನ್ನೂ ಬದಲಿಸದೆ ತಿಂದದ್ದನ್ನೆಲ್ಲ ಬರೆದಿಡಿ. ಅದರಲ್ಲಿ ಒಂದು ರಜೆಯ ದಿನವೂ ಇರಲಿ. ತೂಕದ ಯಂತ್ರ 1 ಗ್ರಾಂ ತೋರಿಸುವಂಥದ್ದಾದರೆ ಸಾಕು. ಹೆಚ್ಚಿನವರು ಈ ಹಂತವನ್ನೇ ಹಾರಿಸಿಬಿಡುತ್ತಾರೆ, ಆಮೇಲೆ ಗುರಿ ಮುಟ್ಟಲಾಗದೆ ಕೈಬಿಡುತ್ತಾರೆ. ಈಗ ದಿನಕ್ಕೆ 50 ಗ್ರಾಂ ಪ್ರೋಟೀನ್ ತಿನ್ನುತ್ತಿರುವವರು ನಾಳೆಯಿಂದಲೇ 100 ಗ್ರಾಂ ಎಂದು ಹೊರಟರೆ ಹೊಟ್ಟೆಯೂ ಒಪ್ಪುವುದಿಲ್ಲ, ಅಡುಗೆಯೂ ಹೊಂದುವುದಿಲ್ಲ. ವಾರಕ್ಕೆ 15ರಿಂದ 20 ಗ್ರಾಂನಂತೆ ಏರಿಸುವುದು ನಡೆಯುವ ದಾರಿ.

ಒಟ್ಟು ಕ್ಯಾಲೊರಿ

ವಿಶ್ರಾಂತಿಯಲ್ಲಿ ದೇಹ ಉರಿಸುವ ಶಕ್ತಿಯನ್ನು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜೋರ್ ಸಮೀಕರಣ ಇಂದಿಗೂ ಒಳ್ಳೆಯದು. ಕಿಲೋದಲ್ಲಿ ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಿರಿ. ಕೊನೆಗೆ ಗಂಡಸರಾದರೆ 5 ಕೂಡಿಸಿ, ಹೆಂಗಸರಾದರೆ 161 ಕಳೆಯಿರಿ.

ಬಂದ ಸಂಖ್ಯೆಯನ್ನು ಚಟುವಟಿಕೆಗೆ ತಕ್ಕಂತೆ ಗುಣಿಸಬೇಕು. ದಿನವಿಡೀ ಕೂತು ಕೆಲಸ ಮಾಡುವವರಿಗೆ 1.2, ಅದರ ಮೇಲೆ ವಾರಕ್ಕೆ ಮೂರು ನಾಲ್ಕು ದಿನ ನಡಿಗೆ ಅಥವಾ ಹಗುರ ವ್ಯಾಯಾಮ ಇದ್ದರೆ 1.375, ನಿಜಕ್ಕೂ ಬೆವರಿಳಿಸುವ ವ್ಯಾಯಾಮ ಹೆಚ್ಚುಕಡಿಮೆ ದಿನವೂ ಇದ್ದರೆ 1.55. ಎಲ್ಲರೂ ತಮ್ಮನ್ನು ಒಂದು ಮೆಟ್ಟಿಲು ಮೇಲೆಯೇ ಎಣಿಸಿಕೊಳ್ಳುತ್ತಾರೆ. ಅನುಮಾನ ಬಂದರೆ ಕೆಳಗಿನದನ್ನೇ ಆರಿಸಿ.

ಉದಾಹರಣೆಗೆ 38 ವರ್ಷದ, 162 ಸೆಂ.ಮೀ. ಎತ್ತರದ, 74 ಕಿಲೋ ತೂಕದ ಮಹಿಳೆಯನ್ನು ತೆಗೆದುಕೊಳ್ಳೋಣ. 740 + 1012.5 − 190 − 161 = ಸುಮಾರು 1400. ಹಗುರ ಚಟುವಟಿಕೆಯ 1.375ರಿಂದ ಗುಣಿಸಿದರೆ 1925 ಆಸುಪಾಸು. ಇಷ್ಟು ತಿಂದರೆ ತೂಕ ಇದ್ದಲ್ಲೇ ನಿಲ್ಲುತ್ತದೆ. ಇದರಲ್ಲಿ ಶೇ 20 ಕಡಿತ ಮಾಡಿದರೆ 1540 ಕ್ಯಾಲೊರಿ. ದಿನಕ್ಕೆ 385ರ ಕೊರತೆ, ವಾರಕ್ಕೆ ಸುಮಾರು 2700. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಹತ್ತಿರಹತ್ತಿರ 7700 ಕ್ಯಾಲೊರಿ ಇರುವುದರಿಂದ ವಾರಕ್ಕೆ 350 ಗ್ರಾಂ ಇಳಿಯಬಹುದು. ಕೇಳಲು ಕಡಿಮೆ ಅನ್ನಿಸುತ್ತದೆ, ಆದರೆ ತಿಂಗಳಿಗೆ ಒಂದೂವರೆ ಕಿಲೋ ಆಯಿತು. ಕಡಿತವನ್ನು ಶೇ 15ರಿಂದ 20ರೊಳಗೆ ಇಡಿ, ತೂಕ ತುಂಬ ಹೆಚ್ಚಿದ್ದರೆ ಶೇ 25. ವೈದ್ಯರ ನಿಗಾ ಇಲ್ಲದೆ ಹೆಂಗಸರು 1200, ಗಂಡಸರು 1500 ಕ್ಯಾಲೊರಿಗಿಂತ ಕೆಳಗಿಳಿಯಬಾರದು.

ಪ್ರೋಟೀನ್

ತೂಕ ಇಳಿಸುವಾಗ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವ ವ್ಯಾಯಾಮ ನಿಯಮಿತವಾಗಿ ಮಾಡುವವರು 2ರವರೆಗೂ ಹೋಗಬಹುದು. ಯಾವ ತೂಕದ ಕಿಲೋ ಎಂಬುದು ಮುಖ್ಯ. ಈಗಿನ ತೂಕ ಬಹಳ ಹೆಚ್ಚಿದ್ದರೆ ಅದರಿಂದಲೇ ಗುಣಿಸಬೇಡಿ, ಏಕೆಂದರೆ ಕೊಬ್ಬಿನ ಅಂಗಾಂಶಕ್ಕೆ ಪ್ರೋಟೀನ್ ಹೆಚ್ಚೇನೂ ಬೇಡ. 120 ಕಿಲೋ ಇರುವವರು 1.6ರಿಂದ ಗುಣಿಸಿದರೆ 192 ಗ್ರಾಂ ಬರುತ್ತದೆ, ಅದನ್ನು ತಿಂದು ಮುಗಿಸುವುದೇ ಒಂದು ಕೆಲಸವಾಗುತ್ತದೆ. ಮೀಟರಿನಲ್ಲಿರುವ ಎತ್ತರವನ್ನು ಅದರಿಂದಲೇ ಗುಣಿಸಿ, ಮತ್ತೆ 25ರಿಂದ ಗುಣಿಸಿ. ಈಗಿನ ತೂಕ ಅದಕ್ಕಿಂತ ಹೆಚ್ಚಿದ್ದರೆ ಬಂದ ಸಂಖ್ಯೆಯನ್ನೇ ತೂಕವೆಂದು ಹಿಡಿಯಿರಿ. ನಮ್ಮ ಉದಾಹರಣೆಯಲ್ಲಿ 1.62 × 1.62 × 25 = 66 ಕಿಲೋ. ಇದಕ್ಕೆ 1.5 ಗ್ರಾಂನಂತೆ ದಿನಕ್ಕೆ 100 ಗ್ರಾಂ.

ಪ್ರೋಟೀನಿಗೆ ಇಷ್ಟು ಒತ್ತು ಏಕೆಂದರೆ ಅದು ಹೊಟ್ಟೆ ತುಂಬಿದ ಭಾವ ಕೊಡುತ್ತದೆ, ಸ್ನಾಯು ಉಳಿಸುತ್ತದೆ, ಜೀರ್ಣವಾಗುವಾಗಲೇ ತನ್ನ ಶಕ್ತಿಯಲ್ಲಿ ಶೇ 20ರಿಂದ 30ರಷ್ಟನ್ನು ಖರ್ಚು ಮಾಡಿಸುತ್ತದೆ. ಕಾರ್ಬ್‌ನಲ್ಲಿ ಈ ಖರ್ಚು ಶೇ 5ರಿಂದ 10, ಕೊಬ್ಬಿನಲ್ಲಿ ಶೇ 3ರೊಳಗೆ.

ಇಲ್ಲಿ ನಿಜವಾದ ತೊಡಕು ಬೇರೆಯೇ ಇದೆ. ಪ್ರೋಟೀನ್ ಎಂದು ನಾವು ಕರೆಯುವ ಆಹಾರಗಳು ತಮ್ಮ ಜೊತೆ ಬೇರೆ ಕ್ಯಾಲೊರಿಯನ್ನೂ ಹೊತ್ತು ತರುತ್ತವೆ. 10 ಗ್ರಾಂ ಪ್ರೋಟೀನ್ ಪಡೆಯಲು ಎಷ್ಟು ಕ್ಯಾಲೊರಿ ಕೊಡಬೇಕು ಎಂದು ನೋಡಿದರೆ ಚಿತ್ರ ಸ್ಪಷ್ಟವಾಗುತ್ತದೆ. ಕೋಳಿಯ ಎದೆಮಾಂಸದಲ್ಲಿ ಸುಮಾರು 50 ಕ್ಯಾಲೊರಿ, ಒಳ್ಳೆಯ ವೇ ಪುಡಿಯಲ್ಲೂ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಅಷ್ಟೇ. ಗಟ್ಟಿ ಟೋಫುವಿನಲ್ಲಿ (ಸೋಯಾ ಹಾಲಿನ ಪನೀರ್) 85, ಕೆನೆ ತೆಗೆದ ಹಾಲಿನಲ್ಲಿ 100, ಇಡೀ ಮೊಟ್ಟೆಯಲ್ಲಿ 115, ಬೇಳೆಯಲ್ಲಿ 145, ಕೆನೆಭರಿತ ಹಾಲಿನಲ್ಲಿ 190ರ ಮೇಲೆ, ಕಡಲೆಕಾಯಿಯಲ್ಲಿ 220, ಬಾದಾಮಿಯಲ್ಲಿ 275, ಅಕ್ಕಿಯಲ್ಲಿ 500ಕ್ಕೂ ಹೆಚ್ಚು. ಬಾದಾಮಿ ಒಳ್ಳೆಯ ಆಹಾರ, ಸರಿ. ಆದರೆ ತೂಕ ಇಳಿಸುವಾಗ ಅದನ್ನು ಕೊಬ್ಬಿನ ಖಾತೆಯಲ್ಲಿ ಬರೆಯಬೇಕು, ಪ್ರೋಟೀನಿನ ಖಾತೆಯಲ್ಲಲ್ಲ.

ಈ ಕಾರಣಕ್ಕೇ ಸಸ್ಯಾಹಾರಿಗಳು 1.2 ಗ್ರಾಂನಲ್ಲಿ ನಿಲ್ಲುವುದು ವಾಸಿ. 100 ಗ್ರಾಂ ಪ್ರೋಟೀನನ್ನು ಬೇಳೆಯೊಂದರಿಂದಲೇ ತೆಗೆಯಹೊರಟರೆ 400 ಗ್ರಾಂ ಒಣ ಬೇಳೆ ಬೇಕು, ಅದೇ 1400 ಕ್ಯಾಲೊರಿ ನುಂಗಿಹಾಕುತ್ತದೆ. ಅದೇ 66 ಕಿಲೋಗೆ 1.2ರಂತೆ 80 ಗ್ರಾಂ ಆದರೆ ದಾರಿ ಇದೆ: 100 ಗ್ರಾಂ ಒಣ ಬೇಳೆಯಲ್ಲಿ 24, ಅರ್ಧ ಲೀಟರ್ ಕಡಿಮೆ ಕೊಬ್ಬಿನ ಹಾಲು ಅಥವಾ ಮೊಸರಿನಲ್ಲಿ 17, 150 ಗ್ರಾಂ ಗಟ್ಟಿ ಟೋಫುವಿನಲ್ಲಿ 25, 150 ಗ್ರಾಂ ಒಣ ಧಾನ್ಯದಲ್ಲಿ 13. ಮೂರು ಟೀ ಚಮಚ ಎಣ್ಣೆ, ತರಕಾರಿ ಸೇರಿಸಿದರೆ ಒಟ್ಟು 1550ರ ಹತ್ತಿರಕ್ಕೆ ಬರುತ್ತದೆ. ಬಿಗಿಯಾಗಿ ಕೂರುತ್ತದೆ, ಬಿಸ್ಕತ್ತಿಗೆ ಜಾಗ ಉಳಿಯುವುದಿಲ್ಲ. ಧಾನ್ಯ ಮತ್ತು ಬೇಳೆ ಎರಡೂ ಒಂದೇ ದಿನದಲ್ಲಿದ್ದರೆ ಅಮೈನೋ ಆಮ್ಲಗಳ (ಪ್ರೋಟೀನನ್ನು ಕಟ್ಟುವ ಘಟಕಗಳು) ಕೊರತೆ ಪರಸ್ಪರ ತುಂಬುತ್ತದೆ, ಒಂದೇ ತಟ್ಟೆಯಲ್ಲಿರಬೇಕೆಂದೇನಿಲ್ಲ.

ಎಲ್ಲವನ್ನೂ ರಾತ್ರಿಗೆ ಉಳಿಸಿಕೊಳ್ಳಬೇಡಿ. ಹೊತ್ತಿಗೆ 25ರಿಂದ 30 ಗ್ರಾಂನಂತೆ ಹಂಚಿ. ಹೆಚ್ಚಾಗಿ ಸೋಲುವುದು ಬೆಳಗಿನ ತಿಂಡಿಯಲ್ಲಿ. ಅಲ್ಲಿ 8 ಗ್ರಾಂ ಆಗಿದ್ದರೆ ಆ ದಿನದ ಗುರಿ ಅಲ್ಲೇ ತಪ್ಪಿತು ಎಂದುಕೊಳ್ಳಬಹುದು.

ಕೊಬ್ಬು, ಕಾರ್ಬ್

ಕೊಬ್ಬಿಗೆ ಮೇಲಿನ ಮಿತಿಗಿಂತ ಕೆಳಗಿನ ಮಿತಿ ಮುಖ್ಯ. ಹಾರ್ಮೋನುಗಳಿಗೆ, ಎ, ಡಿ, ಇ, ಕೆ ವಿಟಮಿನ್ ಹೀರಿಕೊಳ್ಳಲು, ದೇಹ ತಾನೇ ತಯಾರಿಸಲಾಗದ ಕೊಬ್ಬಿನಾಮ್ಲಗಳಿಗೆ ಅದು ಬೇಕು. ಅದೇ ಲೆಕ್ಕದ ತೂಕಕ್ಕೆ ಕಿಲೋಗೆ 0.6 ಗ್ರಾಂಗಿಂತ ಕೆಳಗೆ ವಾರಗಟ್ಟಲೆ ಇರಬೇಡಿ, 0.7ರಿಂದ 0.9 ಆರಾಮದ ಜಾಗ. ಉದಾಹರಣೆಯ ಮಹಿಳೆಗೆ 50 ಗ್ರಾಂ, ಅಂದರೆ ಗ್ರಾಂಗೆ 9ರಂತೆ 450 ಕ್ಯಾಲೊರಿ.

ಪ್ರೋಟೀನಿನ 400, ಕೊಬ್ಬಿನ 450 ಸೇರಿ 850 ಆಯಿತು. 1540ರಲ್ಲಿ ಅದನ್ನು ಕಳೆದರೆ 690. ಕಾರ್ಬ್‌ಗೂ ಗ್ರಾಂಗೆ 4 ಕ್ಯಾಲೊರಿಯೇ, ಆದ್ದರಿಂದ 170 ಗ್ರಾಂ ಕಾರ್ಬ್. ಗುರಿ ಸಿದ್ಧವಾಯಿತು: 100, 50, 170.

ಕಾರ್ಬ್ ಇನ್ನೂ ಕಡಿಮೆ ಮಾಡಿದರೆ ಬೇಗ ಇಳಿಯುತ್ತದೆಯೇ? ಕ್ಯಾಲೊರಿ, ಪ್ರೋಟೀನ್ ಎರಡೂ ಅಷ್ಟೇ ಇದ್ದರೆ ಕರಗುವ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರುವುದಿಲ್ಲ. 2018ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಪ್ರಕಟಿಸಿದ ಅಧ್ಯಯನದಲ್ಲಿ 609 ಮಂದಿಯನ್ನು ಕಡಿಮೆ ಕೊಬ್ಬಿನ ಗುಂಪು, ಕಡಿಮೆ ಕಾರ್ಬ್‌ನ ಗುಂಪು ಎಂದು ವಿಂಗಡಿಸಿದ್ದರು. 12 ತಿಂಗಳಾದ ಮೇಲೆ ಸರಾಸರಿ ಇಳಿಕೆ ಕ್ರಮವಾಗಿ 5.3 ಮತ್ತು 6.0 ಕಿಲೋ, ಗಣನೀಯ ವ್ಯತ್ಯಾಸವೆನ್ನಲು ಅದು ಸಾಲದು. ಆದ್ದರಿಂದ ಅನ್ನ, ಹಣ್ಣು ಇಲ್ಲದೆ ಊಟ ಸೇರದವರು ಕೊಬ್ಬನ್ನು ಕನಿಷ್ಠಕ್ಕೆ ತಂದು ಕಾರ್ಬ್ ಏರಿಸಿಕೊಳ್ಳಲಿ. ಎಣ್ಣೆ, ಬೀಜಗಳು ಇಷ್ಟವಿರುವವರು 10 ಗ್ರಾಂ ಕೊಬ್ಬಿಗೆ 22 ಗ್ರಾಂ ಕಾರ್ಬ್ ಬಿಟ್ಟುಕೊಡಲಿ. ನಾರಿನಂಶ ಮಾತ್ರ ಪ್ರತಿ 1000 ಕ್ಯಾಲೊರಿಗೆ 14 ಗ್ರಾಂ ಇರಲಿ, ಇಲ್ಲದಿದ್ದರೆ ಮಲಬದ್ಧತೆ ಕಾಡುತ್ತದೆ.

ಮೂರೂ ಸಂಖ್ಯೆ ದಿನವೂ ಪಕ್ಕಾ ಬರಬೇಕೆಂಬ ಹಟ ಬೇಡ. ಒಟ್ಟು ಕ್ಯಾಲೊರಿ 100 ಆಚೀಚೆ, ಪ್ರೋಟೀನ್ 10 ಗ್ರಾಂ ಆಚೀಚೆ ಇರಲಿ. ಕೊಬ್ಬು ಕನಿಷ್ಠ ಮಿತಿ ದಾಟಿದ್ದರೆ, ಕಾರ್ಬ್ 140 ಆದರೂ 195 ಆದರೂ ತಲೆ ಕೆಡಿಸಿಕೊಳ್ಳಬೇಡಿ.

ಲೆಕ್ಕ ಎಲ್ಲಿ ತಪ್ಪುತ್ತದೆ

ಮೊದಲ ಜಾಗ ಎಣ್ಣೆ. ಒಂದು ಟೇಬಲ್ ಚಮಚ ಎಣ್ಣೆ 120 ಕ್ಯಾಲೊರಿ. ಬಾಣಲೆಗೆ ಡಬ್ಬಿಯಿಂದ ನೇರವಾಗಿ ಸುರಿದರೆ ಎರಡು ಮೂರು ಚಮಚ ಗೊತ್ತೇ ಆಗದೆ ಹೋಗಿರುತ್ತದೆ, ಆ ದಿನದ ಕೊರತೆ ಅಲ್ಲಿಗೆ ಮುಗಿಯಿತು. ಡಬ್ಬಿಯನ್ನು ಅಡುಗೆಗೆ ಮುಂಚೆ, ಆಮೇಲೆ ತೂಗಿ ಕಳೆಯುವುದು ಸುಲಭ. ನಾಲ್ಕು ಜನರ ಅಡುಗೆಯಾದರೆ ಬಂದದ್ದನ್ನು ನಾಲ್ಕರಿಂದ ಭಾಗಿಸಿ.

ಎರಡನೆಯದು ಹಸಿ, ಬೆಂದದ್ದರ ಗೊಂದಲ. 100 ಗ್ರಾಂ ಅಕ್ಕಿಯಲ್ಲಿ 350ರಿಂದ 360 ಕ್ಯಾಲೊರಿ. ಬೆಂದ ಮೇಲೆ ಅದು ನೀರು ಹೀರಿ 250–300 ಗ್ರಾಂ ಆಗಿ, 100 ಗ್ರಾಂ ಅನ್ನದಲ್ಲಿ 130 ಮಾತ್ರ ಉಳಿಯುತ್ತದೆ. ಅನ್ನವನ್ನು ತೂಗಿ ಅಕ್ಕಿಯ ಅಂಕಿ ಬರೆದರೆ ಹಸಿವಿನಲ್ಲಿ ಸಾಯುತ್ತೀರಿ. ಮಾಂಸದಲ್ಲಿ ಇದು ತಿರುಗುಮುರುಗು, ಏಕೆಂದರೆ ಬೇಯುವಾಗ ನೀರು ಬಿಡುತ್ತದೆ: 100 ಗ್ರಾಂ ಹಸಿ ಎದೆಮಾಂಸದಲ್ಲಿ 23 ಗ್ರಾಂ ಪ್ರೋಟೀನಾದರೆ ಬೆಂದದ್ದರಲ್ಲಿ 31. ಎಲ್ಲವನ್ನೂ ಹಸಿಯಾಗಿಯೇ ತೂಗುವ ಅಭ್ಯಾಸ ಮಾಡಿಕೊಂಡರೆ ಈ ತಲೆನೋವಿಲ್ಲ.

ಆ್ಯಪ್‌ಗಳಲ್ಲಿ ಬಳಕೆದಾರರೇ ತುಂಬಿಸಿದ ಅಂಕಿಗಳಿರುತ್ತವೆ, ನಂಬುವ ಮುನ್ನ ಒಮ್ಮೆ ಪರೀಕ್ಷಿಸಿ. ಪ್ರೋಟೀನ್ ಮತ್ತು ಕಾರ್ಬ್ ಗ್ರಾಂಗಳನ್ನು 4ರಿಂದ, ಕೊಬ್ಬನ್ನು 9ರಿಂದ ಗುಣಿಸಿ ಕೂಡಿಸಿದರೆ ತೋರಿಸಿದ ಕ್ಯಾಲೊರಿಗೆ ಹತ್ತಿರ ಬರಬೇಕು. ನಾರಿನಂಶ ಹೆಚ್ಚಿದ್ದರೆ ಸ್ವಲ್ಪ ಕಡಿಮೆ ತೋರುವುದು ಸಹಜ. ಮದ್ಯವಿದ್ದರೆ ಅದಕ್ಕೆ ಗ್ರಾಂಗೆ 7ರಂತೆ ಬೇರೆ ಲೆಕ್ಕ.

ಕೈಗಡಿಯಾರ "400 ಕ್ಯಾಲೊರಿ ಉರಿಸಿದಿರಿ" ಎಂದಿತೆಂದು ಅಷ್ಟನ್ನು ತಿನ್ನಬೇಡಿ. ಚಟುವಟಿಕೆಯನ್ನು 1.375ರಲ್ಲಿ ಈಗಾಗಲೇ ಸೇರಿಸಿದ್ದೀರಿ. ಇನ್ನು ರಜೆಯ ದಿನಗಳು: ಐದು ದಿನ 385ರಂತೆ ಉಳಿಸಿದ್ದು 1925. ಉಳಿದ ಎರಡು ದಿನ 2900ರಂತೆ ತಿಂದರೆ ಇಡೀ ವಾರದ ಶ್ರಮ ಸೊನ್ನೆಗೆ ಬಂತು. ಹೊರಗೆ ಊಟ ಇದೆಯೆಂದು ಮೊದಲೇ ಗೊತ್ತಿದ್ದರೆ ವಾರದ ಉಳಿದ ದಿನಗಳಲ್ಲಿ ಕಾರ್ಬ್, ಕೊಬ್ಬಿನಿಂದ 80–100 ಕ್ಯಾಲೊರಿ ತೆಗೆದು ಆ ದಿನಕ್ಕೆ ಕೂಡಿಡಿ.

ಗುರಿ ಬದಲಿಸುವುದು ಯಾವಾಗ

ದಿನವೂ ಬೆಳಿಗ್ಗೆ ಶೌಚವಾದ ಮೇಲೆ, ಏನೂ ತಿನ್ನುವ ಮುಂಚೆ ತೂಗಿ, ಏಳು ದಿನದ ಸರಾಸರಿಯನ್ನಷ್ಟೇ ನೋಡಿ. ಮೊದಲ ವಾರದ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೇಹದಲ್ಲಿ ಕೂಡಿಟ್ಟ ಗ್ಲೈಕೋಜನ್ (ಕಾರ್ಬ್‌ನ ದಾಸ್ತಾನು) ಗ್ರಾಂಗೆ 3 ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ, ಮೊದಲು ಹೋಗುವುದು ಆ ನೀರೇ. ಉಪ್ಪು ಹೆಚ್ಚಾದ ಮರುದಿನ, ಹೊಸ ವ್ಯಾಯಾಮ ಶುರುಮಾಡಿದ ವಾರ, ಮುಟ್ಟಿನ ಮುಂಚಿನ ದಿನಗಳಲ್ಲಿ ಒಂದೆರಡು ಕಿಲೋ ಏರುವುದೂ ನೀರಿನಿಂದಲೇ. ಹೆಂಗಸರು ಈ ತಿಂಗಳ ಒಂದು ವಾರವನ್ನು ಕಳೆದ ತಿಂಗಳ ಅದೇ ವಾರದ ಜೊತೆ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಮೂರು ನಾಲ್ಕು ವಾರ ಸರಾಸರಿ ಅಲುಗದಿದ್ದರೆ ಮೊದಲು ತೂಗುವುದರಲ್ಲಿ ಸೋರಿಕೆ ಎಲ್ಲಿದೆ ಹುಡುಕಿ. ಅದೂ ಸರಿ ಇದ್ದರೆ 100ರಿಂದ 150 ಕ್ಯಾಲೊರಿ ಕಡಿತ ಮಾಡಿ, ಅದೂ ಕಾರ್ಬ್ ಅಥವಾ ಕೊಬ್ಬಿನಿಂದ, ಪ್ರೋಟೀನ್ ಮುಟ್ಟಬೇಡಿ. ವಾರಕ್ಕೆ ದೇಹತೂಕದ ಶೇ 1ಕ್ಕಿಂತ ಹೆಚ್ಚು ಇಳಿಯುತ್ತಲೇ ಇದ್ದರೆ, ತಲೆ ಸುತ್ತು, ಕೂದಲು ಉದುರುವಿಕೆ, ಮುಟ್ಟು ತಪ್ಪುವುದು ಕಂಡರೆ ಅಷ್ಟೇ ಪ್ರಮಾಣ ಏರಿಸಿ. ಲಕ್ಷಣಗಳು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಪ್ರತಿ 4–5 ಕಿಲೋ ಇಳಿದಾಗ ಒಟ್ಟು ಕ್ಯಾಲೊರಿಯ ಸಮೀಕರಣವನ್ನು ಹೊಸ ತೂಕದಿಂದ ಮತ್ತೆ ಮಾಡಿ. 74 ಕಿಲೋದ ಮಹಿಳೆ 68ಕ್ಕೆ ಬಂದಾಗ ತೂಕ ಕಾಯ್ದುಕೊಳ್ಳುವ ಅಂಕಿ 1925ರಿಂದ 1845ಕ್ಕೆ ಇಳಿದಿರುತ್ತದೆ, ಹಳೆಯ ಕೊರತೆ ತಾನಾಗಿಯೇ ಕುಗ್ಗಿರುತ್ತದೆ.

ಬೇಕಾದ ತೂಕ ಮುಟ್ಟಿದ ಮೇಲೆ ವಾರಕ್ಕೆ 100–150 ಕ್ಯಾಲೊರಿಯಂತೆ ಕಾರ್ಬ್, ಕೊಬ್ಬನ್ನು ವಾಪಸ್ ಸೇರಿಸುತ್ತ ಬನ್ನಿ. ಪ್ರೋಟೀನ್ ಇದ್ದಷ್ಟೇ ಇರಲಿ. ಮೊದಲ ಎರಡು ವಾರದಲ್ಲಿ ಕಿಲೋದಷ್ಟು ಏರಿದರೆ ಗಾಬರಿಯಿಂದ ಮತ್ತೆ ಕಡಿತಕ್ಕೆ ಇಳಿಯಬೇಡಿ; ಗ್ಲೈಕೋಜನ್ ಜೊತೆ ಹೋಗಿದ್ದ ನೀರು ಹಿಂದಕ್ಕೆ ಬಂದದ್ದು ಅದು, ಮೂರನೆಯ ವಾರದ ಸರಾಸರಿಯಿಂದ ಲೆಕ್ಕ ಹಿಡಿಯಿರಿ.