ಎಕ್ಸ್‌ಎಂಎಲ್‌ಗೆ ಮೊದಲು ಎಕ್ಸೆಲ್ ಸರಿಮಾಡಿ: ಫಂಡ್ ಮ್ಯಾನೇಜರ್‌ಗಳಿಗೆ ಡಿಜಿಟಲ್ ವರದಿಯ ತಯಾರಿ

ನಾನು ಬದಿಯಡ್ಕದ ಮನೆಯಲ್ಲಿ ಕೂತು ಯೂರೋಪಿನ ಫಂಡ್‌ಗಳ ವರದಿ ತಯಾರಿಸುತ್ತೇನೆ. ಆಫೀಸು ಮಂಗಳೂರಿನಲ್ಲಿ, ಫಂಡ್ ಲಕ್ಸೆಂಬರ್ಗ್‌ನಲ್ಲಿ, ಅದರ ಹಣ ಮುಂಬೈ ಷೇರುಪೇಟೆಯಲ್ಲಿ. ಊರಲ್ಲಿ ಯಾರಾದರೂ ಕೇಳಿದರೆ "ಲೆಕ್ಕದ ಕೆಲಸ" ಎಂದು ಹೇಳಿ ಮುಗಿಸುತ್ತೇನೆ. ಫಂಡ್ ನಡೆಸುವವರಿಗೆ ಮಾತ್ರ ಹೇಳುವುದು ಸ್ವಲ್ಪ ಜಾಸ್ತಿ ಇದೆ.

ಹೊಸ ಕ್ಲೈಂಟ್ ಬಂದ ಕೂಡಲೇ ಕೇಳುವುದು "ಯಾವ ಸಾಫ್ಟ್‌ವೇರ್ ತಗೊಳ್ಳೋಣ?" ಎಂದು. ಅದನ್ನು ಕೊನೆಗೆ ನೋಡಿದರೆ ಸಾಕು. ಹಿಂದೆ ನಿಯಂತ್ರಕರಿಗೆ ಪಿಡಿಎಫ್ ಕಳಿಸಿದರೆ ಆಚೆ ಕಡೆ ಒಬ್ಬ ಮನುಷ್ಯ ಓದುತ್ತಿದ್ದ, ಅಡ್ಡಾದಿಡ್ಡಿ ಇದ್ದರೂ ಅರ್ಥ ಮಾಡಿಕೊಳ್ಳುತ್ತಿದ್ದ. ಈಗ ಓದುವುದು ಯಂತ್ರ, ಅದಕ್ಕೆ ಕೊಡುವ ಫೈಲೇ ಎಕ್ಸ್‌ಎಂಎಲ್. ಪ್ರತಿ ಸಂಖ್ಯೆಯೂ ತನ್ನದೇ ಹೆಸರಿನ ಕೋಣೆಯಲ್ಲಿ ಕೂರಬೇಕು. ನಮ್ಮ ದೇಶಕ್ಕೆ ಇದೇನೂ ಹೊಸದಲ್ಲ. ದೊಡ್ಡ ಕಂಪನಿಗಳ ಬ್ಯಾಲೆನ್ಸ್ ಶೀಟನ್ನು ಕಂಪನಿ ವ್ಯವಹಾರಗಳ ಸಚಿವಾಲಯ 2010-11ರ ಲೆಕ್ಕದಿಂದಲೇ ಎಕ್ಸ್‌ಬಿಆರ್‌ಎಲ್ ಎಂಬ ಇಂಥದೇ ಯಂತ್ರ ಓದುವ ರೂಪದಲ್ಲಿ ಕೇಳುತ್ತಿದೆ.

ಮೊದಲು ನಿಮಗೆ ಯಾವ ವರದಿ ಬೀಳುತ್ತದೆ ಎಂದು ಬರೆದಿಡಿ. ನೀವು ಎಲ್ಲಿ ಕೂತಿದ್ದೀರಿ ಎನ್ನುವುದಷ್ಟೇ ಸಾಲದು, ಫಂಡ್ ಎಲ್ಲಿ ನೋಂದಣಿಯಾಗಿದೆ, ಯಾರಿಗೆ ಮಾರುತ್ತೀರಿ ಎನ್ನುವುದೂ ಲೆಕ್ಕ. ಭಾರತದ ಎಐಎಫ್ (ಪರ್ಯಾಯ ಹೂಡಿಕೆ ಫಂಡ್) ಆದರೆ ಸೆಬಿಗೆ ತ್ರೈಮಾಸಿಕ ವರದಿ. ಅಮೆರಿಕದಲ್ಲಿ ನೋಂದಾಯಿತ ಮ್ಯೂಚುವಲ್ ಫಂಡ್ ಆದರೆ ಎನ್-ಪೋರ್ಟ್ ಎಂಬ ಹಿಡುವಳಿ ವರದಿ. ಪರ್ಯಾಯ ಫಂಡ್‌ಗಳ ಮ್ಯಾನೇಜರ್‌ಗಳಿಗಾಗಿ ಇರುವ ಯೂರೋಪಿನ ಎಐಎಫ್‌ಎಂಡಿ ಕಾನೂನಿನ ಕೆಳಗೆ ಬಂದರೆ ಅನೆಕ್ಸ್ 4 ಎಂಬ ವರದಿ. ಮುಂಬೈಯ ಮ್ಯಾನೇಜರ್ ತನ್ನ ಫಂಡನ್ನು ಜರ್ಮನಿಯಲ್ಲಿ ಖಾಸಗಿಯಾಗಿ ಮಾರಿದರೂ ಅಲ್ಲಿನ ನಿಯಂತ್ರಕರಿಗೆ ಅನೆಕ್ಸ್ 4 ಕೊಡಲೇಬೇಕು. ಇದು ಎಷ್ಟೋ ಜನರಿಗೆ ತಡವಾಗಿ ಗೊತ್ತಾಗುತ್ತದೆ. ನನ್ನ ಕೆಲಸ ಅನೆಕ್ಸ್ 4ರದ್ದೇ ಆದ್ದರಿಂದ ಉದಾಹರಣೆಗಳೂ ಹೆಚ್ಚಾಗಿ ಅಲ್ಲಿಂದಲೇ.

ಎಷ್ಟು ಸಲ ಕಳಿಸಬೇಕು ಎನ್ನುವುದನ್ನು ಮುಖ್ಯವಾಗಿ ಎಯುಎಂ, ಅಂದರೆ ನೀವು ನಿರ್ವಹಿಸುವ ಒಟ್ಟು ಆಸ್ತಿ, ತೀರ್ಮಾನಿಸುತ್ತದೆ. ಒಟ್ಟು 100 ಕೋಟಿ ಯೂರೋ ದಾಟಿದ ಮ್ಯಾನೇಜರ್‌ಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ. ಇಲ್ಲೇ ಒಂದು ಗುಂಡಿ ಇದೆ. ನಿಮ್ಮ ಬ್ರೋಷರ್‌ನಲ್ಲಿರುವ ಎಯುಎಂ ಬೇರೆ, ಎಐಎಫ್‌ಎಂಡಿ ಕೇಳುವ ಎಯುಎಂ ಬೇರೆ. ನಿವ್ವಳ ಮೌಲ್ಯ 100 ಇದ್ದು, 30 ಸಾಲ ತಂದು ಷೇರು ಕೊಂಡಿದ್ದರೆ ಇಲ್ಲಿ ಬರೆಯಬೇಕಾದ್ದು 130. ಸಾಲ ಕಳೆಯುವ ಹಾಗಿಲ್ಲ. ಫ್ಯೂಚರ್ಸ್ (ಮುಂದಿನ ತಾರೀಕಿನ ವ್ಯವಹಾರಕ್ಕೆ ಇಂದೇ ಬೆಲೆ ನಿಗದಿ ಮಾಡುವ ಒಪ್ಪಂದ) ಇದ್ದರೆ ಅದರ ಹಿಂದಿನ ಆಸ್ತಿಯ ಪೂರ್ತಿ ಮೌಲ್ಯಕ್ಕೆ ಬದಲಾಯಿಸಿ ಸೇರಿಸಬೇಕು. ಮಾರ್ಕೆಟಿಂಗ್ ಟೀಮ್ ಕೊಟ್ಟ ಅಂಕಿ ಸುಮ್ನೆ ಅಂಟಿಸಿದರೆ ಎಷ್ಟು ಸಲ ಕಳಿಸಬೇಕು ಎಂಬ ಲೆಕ್ಕವೇ ತಪ್ಪುತ್ತದೆ. ಅದೇ ಮೊತ್ತವನ್ನು ಯೂರೋದಲ್ಲೂ ತೋರಿಸಬೇಕು. ಯಾವ ದಿನದ ಯಾವ ದರ ಹಿಡಿದಿರಿ ಎಂದು ಬರೆದಿಡಿ. ಯೂರೋಪಿನ ಕೇಂದ್ರ ಬ್ಯಾಂಕ್ ರೂಪಾಯಿಗೂ ದರ ಪ್ರಕಟಿಸುತ್ತದೆ.

ಇನ್ನು ನಿಜವಾದ ಕೆಲಸ. ವರದಿಯ ಪ್ರತಿ ಕಾಲಂ ಅನ್ನು ಒಂದು ಶೀಟಿಗೆ ಇಳಿಸಿ. ಪಕ್ಕದಲ್ಲಿ ನಾಲ್ಕು ವಿಷಯ ಬರೆಯಿರಿ: ಈ ಸಂಖ್ಯೆ ಎಲ್ಲಿ ಹುಟ್ಟುತ್ತದೆ, ಯಾರ ಕೈಯಿಂದ ಬರುತ್ತದೆ, ಯಾವ ತಾರೀಕಿಗೆ, ಅವರು ರಜೆಯಲ್ಲಿದ್ದರೆ ಇನ್ಯಾರು. ಹಿಡುವಳಿಗಳ ಪಟ್ಟಿ ಫಂಡಿನ ಲೆಕ್ಕ ಇಡುವ ಅಡ್ಮಿನಿಸ್ಟ್ರೇಟರ್ ಹತ್ತಿರ ಇರುತ್ತದೆ. ಲಿವರೇಜ್, ಅಂದರೆ ಸಾಲ, ಫ್ಯೂಚರ್ಸ್‌ನಿಂದ ಹೂಡಿಕೆ ಎಷ್ಟು ಪಟ್ಟು ಹಿಗ್ಗಿದೆ ಎನ್ನುವ ಲೆಕ್ಕ, ರಿಸ್ಕ್ ಟೀಮಿನದು. ಅದನ್ನೂ ಗ್ರಾಸ್ (ಏನೂ ಕಳೆಯದೆ) ಮತ್ತು ಕಮಿಟ್‌ಮೆಂಟ್ (ಒಂದನ್ನೊಂದು ಸರಿದೂಗಿಸುವುದನ್ನು ಕಳೆದು) ಎಂದು ಎರಡು ವಿಧಾನದಲ್ಲಿ ಕೊಡಬೇಕು. ಹೂಡಿಕೆದಾರರು ಎಷ್ಟು ದಿನದಲ್ಲಿ ಹಣ ಹಿಂದಕ್ಕೆ ಕೇಳಬಹುದು ಎನ್ನುವ ಲಿಕ್ವಿಡಿಟಿ ಕಾಲಂಗಳಿಗೆ ಮಾತ್ರ ಯಾರೂ ವಾರಸುದಾರರು ಇರುವುದಿಲ್ಲ. ಹಳೆಯ ವರದಿಯಿಂದ ನಕಲು ಮಾಡಿರುತ್ತಾರೆ. ಶೀಟಿನಲ್ಲಿ ಹೆಸರು ಬರೆಯಲಾಗದೆ ಖಾಲಿ ಬಿಟ್ಟ ಸಾಲುಗಳೇ ನಿಮ್ಮ ಕೆಲಸದ ಪಟ್ಟಿ.

ನಮ್ಮ ಕಾಸರಗೋಡಿನ ಕಡೆ ಒಬ್ಬನೇ ಮನುಷ್ಯನಿಗೆ ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿದ ಇನ್ನೊಂದು ಹೆಸರು, ವಿಲೇಜ್ ಆಫೀಸಿನ ಮಲಯಾಳ ರಶೀದಿಯಲ್ಲಿ ಮೂರನೆಯದು. ಫಂಡ್‌ಗಳ ಕತೆಯೂ ಹೀಗೇ. ಷೇರುಗಳನ್ನು ಕಾಪಿಡುವ ಕಸ್ಟೋಡಿಯನ್ ಬಳಿ ಪೂರ್ತಿ ಹೆಸರು, ಬ್ರೋಕರ್ ಬಳಿ ಮೊಟಕು ಹೆಸರು. ಅದಕ್ಕೇ ಎಲ್‌ಇಐ ಇರುವುದು. ಪ್ರತಿ ಸಂಸ್ಥೆಗೆ ಲೋಕಕ್ಕೆಲ್ಲ ಒಂದೇ ಆದ 20 ಅಕ್ಷರ-ಅಂಕೆಗಳ ಗುರುತು, ಕೊನೆಯ ಎರಡು ಅಂಕೆ ತಪ್ಪು ಹಿಡಿಯಲಿಕ್ಕೆ. ಭಾರತದಲ್ಲಿ 50 ಕೋಟಿ ರೂಪಾಯಿ ಮತ್ತು ಮೇಲಿನ ಆರ್‌ಟಿಜಿಎಸ್, ನೆಫ್ಟ್ ವರ್ಗಾವಣೆಗೆ ರಿಸರ್ವ್ ಬ್ಯಾಂಕ್ 2021ರ ಏಪ್ರಿಲ್‌ನಿಂದ ಇದನ್ನು ಕಡ್ಡಾಯ ಮಾಡಿದೆ. ಹಾಗಾಗಿ ನಂಬರ್ ಇರುತ್ತದೆ, ಆದರೆ ಪ್ರತಿ ವರ್ಷ ನವೀಕರಿಸಬೇಕೆಂದು ಮರೆತಿರುತ್ತಾರೆ. ಮ್ಯಾನೇಜರ್, ಪ್ರತಿಯೊಂದು ಫಂಡ್, ಪ್ರೈಮ್ ಬ್ರೋಕರ್ (ಫಂಡಿಗೆ ಸಾಲ, ವ್ಯವಹಾರ ಸೇವೆ ಕೊಡುವವರು) ಎಲ್ಲರ ಎಲ್‌ಇಐ ಸ್ಥಿತಿ ಈಗಲೇ ನೋಡಿ. ಮಾರುಕಟ್ಟೆಗೂ ನಾಲ್ಕಕ್ಷರದ ಕೋಡ್ ಇದೆ, ಎನ್‌ಎಸ್‌ಇಗೆ ಎಕ್ಸ್‌ಎನ್‌ಎಸ್‌ಇ, ಬಿಎಸ್‌ಇಗೆ ಎಕ್ಸ್‌ಬಿಒಎಂ. ಬರೇ "ಬಾಂಬೆ" ಎಂದು ಬರೆದರೆ ಯಂತ್ರ ತಗೊಳ್ಳುವುದಿಲ್ಲ.

ಎಕ್ಸೆಲ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಾನು ನೋಡುವ ತೊಂದರೆಯಲ್ಲಿ ಜಾಸ್ತಿ ಪಾಲು ಇದರದ್ದೇ. ಅಮೆರಿಕದ ಷೇರುಗಳಿಗೆ ಕ್ಯೂಸಿಪ್ ಎಂಬ ಒಂಬತ್ತು ಸ್ಥಾನದ ಕೋಡ್ ಇದೆ. ಅಂಕೆಗಳ ನಡುವೆ ಇಂಗ್ಲಿಷಿನ "ಇ" ಒಂದೇ ಅಕ್ಷರ ಬಂದರೆ ಎಕ್ಸೆಲ್ ಅದನ್ನು ಘಾತ ಸಂಖ್ಯೆ ಎಂದುಕೊಂಡು ಬೇರೇನೋ ಮಾಡಿಬಿಡುತ್ತದೆ. ಕೋಡ್ ಸೊನ್ನೆಯಿಂದ ಶುರುವಾಗಿ ಪೂರ್ತಿ ಅಂಕೆಗಳೇ ಇದ್ದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ. ಫೈಲ್ ತೆರೆದು ಸೇವ್ ಮಾಡಿದರೆ ಮೂಲ ಹೋಯಿತು, ಆಮೇಲೆ ಕಾಲಂ ಅನ್ನು ಟೆಕ್ಸ್ಟ್ ಮಾಡಿದರೂ ವಾಪಸ್ ಬರುವುದಿಲ್ಲ. ತೆರೆಯುವ ಮೊದಲೇ ಆ ಕಾಲಂ ಅನ್ನು ಟೆಕ್ಸ್ಟ್ ಎಂದು ಆಮದು ಮಾಡಿಕೊಳ್ಳಿ. ತಾರೀಕು ವರ್ಷ-ತಿಂಗಳು-ದಿನ ಕ್ರಮದಲ್ಲೇ ಇರಲಿ: 2025-06-30. ಸಂಖ್ಯೆಯ ನಡುವೆ ಅಲ್ಪವಿರಾಮ ಬೇಡ. ಶೇಕಡಾ 5 ಅನ್ನು 5 ಎಂದು ಬರೆಯಬೇಕೋ 0.05 ಎಂದೋ, ಆಯಾ ವರದಿಯ ಸೂಚನೆ ಓದಿ ಶೀಟಿನ ತಲೆಯಲ್ಲೇ ನಮೂದಿಸಿ.

ಇನ್‌ಲೈನ್ ಎಕ್ಸ್‌ಬಿಆರ್‌ಎಲ್ (ಮನುಷ್ಯ ಓದುವ ಪುಟದೊಳಗೇ ಯಂತ್ರಕ್ಕೆ ಬೇಕಾದ ಗುರುತು ಇರುವ ರೂಪ) ಮಾಡುವವರಿಗೆ ಇನ್ನೊಂದು ಮಾತು. ಅಮೆರಿಕದ ಫಂಡ್‌ಗಳು ಷೇರುದಾರರಿಗೆ ಕೊಡುವ ವರದಿಗೆ 2024ರ ಜುಲೈಯಿಂದ ಇದು ಬೇಕು. ಪುಟದಲ್ಲಿ ಕಾಣುವ ಸಂಖ್ಯೆಯ ಹಿಂದೆ ಸ್ಕೇಲ್ ಎಂಬ ಗುಣ ಅಡಗಿರುತ್ತದೆ, ಎಷ್ಟು ಸೊನ್ನೆ ಸೇರಿಸಬೇಕೆಂದು ಅದು ಹೇಳುತ್ತದೆ. ಲಕ್ಷಕ್ಕೆ 5, ಕೋಟಿಗೆ 7. ಲಕ್ಷದಲ್ಲಿ ತೋರಿಸಿದ 4,250 ಎಂದರೆ 42.5 ಕೋಟಿ. ಸ್ಕೇಲ್ 7 ಎಂದು ಬಿದ್ದರೆ ಅದು 4,250 ಕೋಟಿ. ಪುಟದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ, ಓದುವ ಯಂತ್ರಕ್ಕೆ ಮಾತ್ರ ನೂರು ಪಟ್ಟು.

ಹಾಗಾದರೆ ವ್ಯಾಲಿಡೇಶನ್, ಅಂದರೆ ಯಂತ್ರ ಮಾಡುವ ತಪಾಸಣೆ, ಇದನ್ನು ಹಿಡಿಯುವುದಿಲ್ವಾ? ಎಲ್ಲವನ್ನೂ ಇಲ್ಲ. ಸ್ಕೀಮಾ ಪರೀಕ್ಷೆ ನೋಡುವುದು ಕೋಣೆ ಸರಿಯಿದೆಯಾ ಎಂದು. ಬಿಸಿನೆಸ್ ನಿಯಮಗಳು ಒಂದು ಕಾಲಂ ಇನ್ನೊಂದಕ್ಕೆ ತಾಳೆಯಾಗುತ್ತದಾ ಎಂದು ನೋಡುತ್ತವೆ. ಎರಡೂ ಪಾಸಾದ ಫೈಲಿನಲ್ಲೂ ತಪ್ಪು ಇರಬಹುದು. ಅದಕ್ಕೆ ಕಳೆದ ತ್ರೈಮಾಸಿಕದ ಪಕ್ಕ ಈ ಸಲದ್ದು ಇಟ್ಟು, ಜಾಸ್ತಿ ಬದಲಾದ ಸಾಲುಗಳಿಗೆ ಕಾರಣ ಕೇಳಿ. ಈ ಕೆಲಸ ಪೋರ್ಟ್‌ಫೋಲಿಯೋ ಮ್ಯಾನೇಜರ್‌ನದ್ದು. ವೆಂಡರ್‌ಗೆ ನಿಮ್ಮ ಫಂಡ್ ಗೊತ್ತಿಲ್ಲ, ನನಗೂ ಅಷ್ಟಾಗಿ ಗೊತ್ತಿಲ್ಲ. ಹೊರಗೆ ಕೊಟ್ಟರೂ ನಿಯಂತ್ರಕರ ಮುಂದೆ ಜವಾಬ್ದಾರಿ ನಿಮ್ಮದೇ.

ಈಗಾಗಲೇ ಕಳಿಸಿದ ಒಂದು ತ್ರೈಮಾಸಿಕದ ಡೇಟಾ ಇಟ್ಟು ಪೂರ್ತಿ ಒಂದು ಡ್ರೈ ರನ್ (ನಿಜವಾಗಿ ಕಳಿಸದೆ ಅಭ್ಯಾಸ) ಮಾಡಿ. ಅನೆಕ್ಸ್ 4ರ ಗಡುವು ಸಾಮಾನ್ಯವಾಗಿ ಅವಧಿ ಮುಗಿದ ಒಂದು ತಿಂಗಳು. ಬೇರೆ ಫಂಡ್‌ಗಳಲ್ಲಿ ಹೂಡುವ ಫಂಡ್ ಆಫ್ ಫಂಡ್ಸ್‌ಗೆ ಇನ್ನೂ 15 ದಿನ ಸಿಗುತ್ತದೆ. ಜೂನ್ ತ್ರೈಮಾಸಿಕದ ಗಡುವು ನಮಗೆ ಆಟಿ ತಿಂಗಳಲ್ಲಿ ಬರುತ್ತದೆ. ಮಳೆಗಾಳಿಗೆ ಅಡಿಕೆ ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಅಂತ ಯಾರೂ ಹೇಳಲಾರರು. ನಾನು ಕೊನೆಯ ವಾರಕ್ಕೆ ಏನೂ ಉಳಿಸುವುದಿಲ್ಲ. ನಿಮ್ಮಲ್ಲಿ ಕರೆಂಟ್ ಹೋಗದಿದ್ದರೂ ಕೊನೇ ದಿನ ಎಲ್ಲರೂ ಒಟ್ಟಿಗೆ ಅಪ್‌ಲೋಡ್ ಮಾಡುತ್ತಾರೆ, ಅಲ್ವಾ?

ಮುಂದಿನ ಬದಲಾವಣೆಗೂ ಈಗಲೇ ಜಾಗ ಬಿಡಿ. ಎಐಎಫ್‌ಎಂಡಿಗೆ ತಂದ 2024/927 ಸಂಖ್ಯೆಯ ತಿದ್ದುಪಡಿ ನಿರ್ದೇಶನದ ವರದಿ ಭಾಗ 2027ರ ಏಪ್ರಿಲ್ 16ರಿಂದ ಜಾರಿ. ಮುಖ್ಯ ಮಾರುಕಟ್ಟೆ, ಮುಖ್ಯ ಹೂಡಿಕೆ ಮಾತ್ರ ಕೊಟ್ಟರೆ ಸಾಕೆಂಬ ಮಿತಿ ಅದರಲ್ಲಿ ಹೋಗುತ್ತದೆ. ಆದ್ದರಿಂದ ಮೊದಲ ಐದು ಹಿಡುವಳಿಗಳ ಡೇಟಾ ಮಾತ್ರ ಶುದ್ಧವಾಗಿ ಇಟ್ಟುಕೊಂಡಿದ್ದರೆ ಉಳಿದದ್ದನ್ನೂ ಸರಿಮಾಡಲು ಶುರುಮಾಡಿ.

ಕಳಿಸಿದ ಮೇಲೆ ಮೂರು ಫೈಲ್ ಒಟ್ಟಿಗೆ ಇಡಿ: ಕಳಿಸಿದ ಎಕ್ಸ್‌ಎಂಎಲ್, ಅದು ಹುಟ್ಟಿದ ಶೀಟ್, ನಿಯಂತ್ರಕರಿಂದ ಬಂದ ಉತ್ತರ. ಸ್ವೀಕೃತವಾದ ವರದಿಯಲ್ಲಿ ಆಮೇಲೆ ತಪ್ಪು ಕಂಡರೆ ಹೊಸ ವರದಿ ಎಂದು ಮತ್ತೆ ಕಳಿಸಬೇಡಿ. ಫೈಲಿಂಗ್ ವಿಧದಲ್ಲಿ ತಿದ್ದುಪಡಿಗೆ ಬೇರೆಯೇ ಕೋಡ್ ಇದೆ, ಅದನ್ನೇ ಹಾಕಿ.