ಕೆಲಸದಲ್ಲಿ ಗಾಯವಾದರೆ, ಕೆಲಸಕ್ಕೆ ಮುಂಚಿನ ತಪಾಸಣೆಯಿದ್ದರೆ

ನಾನು ಲೇತ್ ಮೆಷಿನ್ ಕೆಲಸದವನು. ಒಮ್ಮೆ ಹೆಬ್ಬೆರಳಿಗೆ ಕಬ್ಬಿಣದ ಸುರುಳಿ ಹೊಕ್ಕಿತು. ಬಟ್ಟೆ ಸುತ್ತಿಕೊಂಡು ಸುಮ್ನಿದ್ದೆ. ಮೂರನೇ ದಿನ ಬೆರಳು ಊದಿ ಮಡಚಲು ಬರಲಿಲ್ಲ. ಗಾಯ ಕೆಲಸದಲ್ಲೇ ಆಗಿದ್ದು ಅಂತ ತೋರಿಸಲು ಒಂದು ಸಾಲೂ ಬರೆದಿಟ್ಟಿರಲಿಲ್ಲ.

ಹಾಗಾಗಿ ಗಾಯ ಸಣ್ಣದಾದರೂ ಅವತ್ತೇ ಮೇಲಿನವರಿಗೆ ಬರೆದು ತಿಳಿಸಿ. ಎಷ್ಟು ಗಂಟೆಗೆ, ಯಾವ ಮೆಷಿನ್, ಯಾವ ಕೈ ಎಲ್ಲವೂ ಇರಲಿ. ಕಣ್ಣಿಗೆ ಕೆಮಿಕಲ್ ಬಿದ್ದರೆ ಮಾತ್ರ ಕಾಗದ ಆಮೇಲೆ. ಮೊದಲು 15–20 ನಿಮಿಷ ಹರಿಯುವ ನೀರಲ್ಲಿ ತೊಳೆಯಿರಿ, ನಂತರ ಡಾಕ್ಟರ ಹತ್ತಿರ ಓಡಿ.

ಡಾಕ್ಟರಿಗೆ ಬರೀ ನೋವು ಹೇಳಿದರೆ ಸಾಲದು, ಕೆಲಸ ಹೇಳಿ. ಎಷ್ಟು ಕೆಜಿ ಎತ್ತುತ್ತೀರಿ, ಎಷ್ಟು ಹೊತ್ತು ನಿಲ್ಲುತ್ತೀರಿ ಅಂತ. ಟಿಟಿ (ಧನುರ್ವಾಯು ತಡೆಯುವ) ಇಂಜೆಕ್ಷನ್ ಯಾವಾಗ ಹಾಕಿಸಿದ್ದು ಅಂತ ಕೇಳಿಯೇ ಕೇಳುತ್ತಾರೆ. ಚೀಟಿಯಲ್ಲಿ ‘ಹಗುರ ಕೆಲಸ’ ಅಂತಷ್ಟೇ ಬರೆದರೆ ಒಪ್ಪಬೇಡಿ. ಹಗುರ ಅಂದರೆ ಎಷ್ಟು? ‘5 ಕೆಜಿಗಿಂತ ಜಾಸ್ತಿ ಎತ್ತಬಾರದು, ಇಷ್ಟು ದಿನ’ ಅನ್ನೋ ಥರ ಬರೆಸಿಕೊಳ್ಳಿ.

ಕೆಲಸಕ್ಕೆ ಸೇರುವ ಮುಂಚಿನ ಆರೋಗ್ಯ ತಪಾಸಣೆ ಸುಲಭ. ಕನ್ನಡಕ, ಮಾತ್ರೆಗಳ ಪಟ್ಟಿ ಒಯ್ಯಿರಿ. ಕಿವಿ ಪರೀಕ್ಷೆಯಿದ್ದರೆ ಹಿಂದಿನ ರಾತ್ರಿಯಿಂದಲೇ ಜೋರು ಶಬ್ದದಿಂದ ದೂರವಿರಿ, ಇಯರ್‌ಫೋನ್ ಕೂಡ ಬೇಡ. ಶ್ವಾಸಕೋಶ ನೋಡಲು ಉಸಿರು ಊದಿಸುವ ಪರೀಕ್ಷೆಗೆ ಬಿಗಿ ಬೆಲ್ಟ್ ಬೇಡ. ಹಳೇ ಬೆನ್ನುನೋವು ಇದ್ದರೆ ಮುಚ್ಚಿಡಬೇಡಿ, ಮುಂದೆ ಅದೇ ತಿರುಗಿ ಬೀಳುತ್ತದೆ. ರಿಪೋರ್ಟಿನ ಒಂದು ಪ್ರತಿ ನಿಮಗೂ ಕೇಳಿ ಇಟ್ಟುಕೊಳ್ಳಿ.